ಆಂಜಿಯೋಪ್ಲಾಸ್ಟಿ ಫೈಲಿನಲ್ಲಿ ಎಲ್ಲ ಇದೆ, ಬೆನ್ನಿಗೆ ಬಿದ್ದ ಎಕ್ಸ್-ರೇ ಲೆಕ್ಕ ಮಾತ್ರ ಇಲ್ಲ

ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡವರು ಮನೆಯಲ್ಲಿ ಯಾರಾದರೂ ಇದ್ದರೆ ಅವರ ಫೈಲನ್ನು ಒಮ್ಮೆ ತೆಗೆದು ನೋಡಿ. ಯಾವ ರಕ್ತನಾಳದಲ್ಲಿ ಎಷ್ಟು ಪರ್ಸೆಂಟ್ ಬ್ಲಾಕ್ ಇತ್ತು, ಸ್ಟೆಂಟ್ ಎಷ್ಟು ಉದ್ದ, ಯಾವ ಕಂಪನಿಯದು, ಡೈ ಎಷ್ಟು ಎಂಎಲ್ ಹೋಯಿತು, ಯಾವ ಮಾತ್ರೆ ಎಷ್ಟು ದಿನ, ಯಾವತ್ತು ಮತ್ತೆ ಬರಬೇಕು, ಎಲ್ಲ ಬರೆದಿರುತ್ತದೆ. ಆದರೆ ಟೇಬಲ್ ಮೇಲೆ ಮಲಗಿದ್ದ ಅಷ್ಟು ಹೊತ್ತಿನಲ್ಲಿ ಬೆನ್ನಿನ ಚರ್ಮಕ್ಕೆ ಎಷ್ಟು ಎಕ್ಸ್-ರೇ ಬಿತ್ತು ಅನ್ನೋದು ನಾನು ನೋಡಿದ ಫೈಲುಗಳಲ್ಲಿ ಇರಲಿಲ್ಲ.

ಆ ಲೆಕ್ಕ ಯಾರಿಗೂ ಸಿಗದ ಗುಟ್ಟೇನೂ ಅಲ್ಲ. ಕ್ಯಾತ್ ಲ್ಯಾಬಿನ, ಅಂದರೆ ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಯ, ಎಕ್ಸ್-ರೇ ಯಂತ್ರ ಅದನ್ನು ಪ್ರತಿ ಕ್ಷಣ ಕೂಡಿಸುತ್ತಾ ಸ್ಕ್ರೀನಿನ ಒಂದು ಮೂಲೆಯಲ್ಲಿ ತೋರಿಸುತ್ತಲೇ ಇರುತ್ತದೆ. ಕೇಸ್ ಮುಗಿದ ಮೇಲೆ ಅದರ ಮೊತ್ತ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ರೋಗಿಯ ಕೈಗೆ ಬರುವ ಕಾಗದದವರೆಗೆ ಮಾತ್ರ ಅದು ಬರುವುದಿಲ್ಲ. ನನ್ನ ತಕರಾರು ಇಷ್ಟೇ. ಹೊಸ ಯಂತ್ರ ಬೇಕು, ಕೋಟಿಗಟ್ಟಲೆ ಖರ್ಚು ಮಾಡಿ ಅಂತ ನಾನು ಹೇಳುತ್ತಿಲ್ಲ. ಇರುವ ಸಂಖ್ಯೆಯನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಬರೆಯಿರಿ ಅಂತ ಕೇಳುತ್ತಿದ್ದೇನೆ. ನಮ್ಮ ಕೋಲಾರದಂಥ ಜಿಲ್ಲೆಗೆ ಆ ಒಂದು ಸಾಲು ಬೆಂಗಳೂರಿನವರಿಗಿಂತ ಜಾಸ್ತಿ ಬೇಕು. ಯಾಕೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಮೊದಲೇ ಒಂದು ಮಾತು. ಇದನ್ನು ಓದಿ ಯಾರೂ ಆಂಜಿಯೋಗ್ರಾಂ ಬೇಡ ಅನ್ನಬೇಡಿ. ಹಾರ್ಟ್ ಅಟ್ಯಾಕ್ ಆದಾಗ ಪ್ರತಿ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಮುಚ್ಚಿದ ರಕ್ತನಾಳ ತೆರೆಯುವುದು ಜೀವದ ಪ್ರಶ್ನೆ, ಚರ್ಮದ ವಿಷಯ ಅದರ ಮುಂದೆ ಚಿಕ್ಕದು. ಬಹುಪಾಲು ಜನರಿಗೆ ಚರ್ಮಕ್ಕೆ ಏನೂ ಆಗುವುದಿಲ್ಲ. ನಾನು ಬರೆಯುತ್ತಿರುವುದು ಏನಾದರೂ ಆಗುವ ಆ ಕೆಲವರ ಬಗ್ಗೆ, ಆದಾಗ ಅವರಿಗೆ ಕಾರಣವೇ ಗೊತ್ತಾಗದೆ ಹೋಗುವುದರ ಬಗ್ಗೆ.

ಬೆನ್ನಿಗೇ ಯಾಕೆ?

ಎದೆಯ ಎಕ್ಸ್-ರೇ ತೆಗೆಸಿದ್ದೀರಲ್ಲ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದರಲ್ಲಿ ಚರ್ಮಕ್ಕೆ ಬೀಳುವುದು ಸುಮಾರು 0.1ರಿಂದ 0.2 ಮಿಲಿಗ್ರೇ. ಗ್ರೇ ಅಂದರೆ ಒಂದು ಕಿಲೋ ವಸ್ತು ಎಷ್ಟು ವಿಕಿರಣ ಶಕ್ತಿಯನ್ನು ಹೀರಿಕೊಂಡಿತು ಅನ್ನುವ ಅಳತೆ, ಕಿಲೋಗೆ ಒಂದು ಜೂಲ್ ಆದರೆ ಒಂದು ಗ್ರೇ. ಅದರ ಸಾವಿರದ ಒಂದು ಪಾಲು ಮಿಲಿಗ್ರೇ. ಕ್ಯಾತ್ ಲ್ಯಾಬಿನಲ್ಲಿ ನಡೆಯುವುದು ಒಂದು ಫೋಟೋ ಅಲ್ಲ. ಅದು ಓಡುವ ವಿಡಿಯೋ. ಡಾಕ್ಟರ್ ಕಾಲಿನ ಪೆಡಲ್ ಒತ್ತಿದಷ್ಟು ಹೊತ್ತೂ ಕಿರಣ ಬರುತ್ತಿರುತ್ತದೆ. ವೈರು ಸಾಗಿಸುವಾಗ, ಬಲೂನು ಉಬ್ಬಿಸುವಾಗ, ಸ್ಟೆಂಟ್ ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ನೋಡುವಾಗ, ಎಲ್ಲಕ್ಕೂ ಆ ವಿಡಿಯೋ ಬೇಕೇ ಬೇಕು.

ಎಕ್ಸ್-ರೇ ಟ್ಯೂಬು ಸಾಮಾನ್ಯವಾಗಿ ಟೇಬಲ್ ಕೆಳಗಿರುತ್ತದೆ. ಚಿತ್ರ ಹಿಡಿಯುವ ಡಿಟೆಕ್ಟರ್ ಎದೆಯ ಮೇಲಿರುತ್ತದೆ. ಹಾಗಾಗಿ ಕಿರಣ ಮೊದಲು ಹೊಗುವುದು ಬೆನ್ನಿನಿಂದ. ಒಳಗೆ ಹೋಗುತ್ತಾ ಹೋಗುತ್ತಾ ಅದು ಕಡಿಮೆಯಾಗುತ್ತದೆ, ಎದೆ ಕಡೆಯಿಂದ ಹೊರಬರುವುದು ಶುರುವಿನ ಚಿಕ್ಕ ಪಾಲು ಅಷ್ಟೇ. ಅಂದರೆ ಇಡೀ ದೇಹದಲ್ಲಿ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿನ್ನುವುದು ಕಿರಣ ಹೊಗುವ ಆ ಜಾಗದ ಚರ್ಮ. ಅಂಗೈ ಅಗಲದ ಒಂದು ಚೌಕ. ಯಂತ್ರವನ್ನು ಎಡಕ್ಕೆ ವಾಲಿಸಿ ನೋಡಿದರೆ ಆ ಚೌಕ ಬಲ ಹೆಗಲ ಮೂಳೆಯ ಕೆಳಗೆ ಬೀಳುತ್ತದೆ. ತೀರಾ ಅಡ್ಡ ಕೋನವಾದರೆ ಕಂಕುಳಿನ ಕೆಳಗೆ.

ಸುಮ್ನೆ ಒಂದು ಅಂದಾಜಿಗೆ: ಬರೀ ಆಂಜಿಯೋಗ್ರಾಂ ಆದರೆ ಸಾಮಾನ್ಯವಾಗಿ 1 ಗ್ರೇ ಒಳಗೆ ಮುಗಿಯುತ್ತದೆ. ಒಂದು ಸುಲಭದ ಸ್ಟೆಂಟ್ ಅಂದರೆ 1ರಿಂದ 2 ಗ್ರೇ ಆಸುಪಾಸು. ತಿಂಗಳುಗಟ್ಟಲೆ ಪೂರ್ತಿ ಮುಚ್ಚಿಹೋಗಿರುವ ರಕ್ತನಾಳ ತೆರೆಯುವ ಕೇಸು ಗಂಟೆಗಟ್ಟಲೆ ನಡೆಯಬಹುದು, ಅಲ್ಲಿ 5 ಗ್ರೇ ದಾಟುವುದು ಅಪರೂಪವೇನಲ್ಲ. 2 ಗ್ರೇ ಅಂದರೆ ಆ ಒಂದು ಚೌಕದ ಚರ್ಮಕ್ಕೆ ಹತ್ತು ಸಾವಿರ ಎದೆ ಎಕ್ಸ್-ರೇಯಷ್ಟು. ಇಡೀ ಮೈಗೆ ಅಲ್ಲ, ಆ ಚೌಕಕ್ಕೆ. ಈ ವ್ಯತ್ಯಾಸ ಮರೆತರೆ ಸುಮ್ಮನೆ ಗಾಬರಿಯಾಗುತ್ತದೆ.

ಹೃದಯ ಮಾತ್ರವಲ್ಲ. ಲಿವರ್ ಗಡ್ಡೆಗೆ ರಕ್ತನಾಳದ ಮೂಲಕ ಔಷಧ ಕೊಡುವುದು, ಮೆದುಳಿನ ರಕ್ತನಾಳದ ಉಬ್ಬಿಗೆ ಕಾಯಿಲ್ ಹಾಕುವುದು, ಹೃದಯ ಬಡಿತದ ಏರುಪೇರಿಗೆ ಅಬ್ಲೇಶನ್ ಮಾಡುವುದು, ಇವೂ ಇದೇ ಗುಂಪಿಗೆ ಸೇರುತ್ತವೆ. ಮೂಳೆ ಆಪರೇಶನ್ನಿನ ಸಿ-ಆರ್ಮ್‌ನಲ್ಲೂ ಇದೇ ತತ್ವ, ಆದರೆ ಅಲ್ಲಿ ಡೋಸ್, ಅಂದರೆ ಬೀಳುವ ಕಿರಣದ ಪ್ರಮಾಣ, ಸಾಮಾನ್ಯವಾಗಿ ತುಂಬಾ ಕಡಿಮೆ.

ಎಷ್ಟಾದರೆ ಏನಾಗುತ್ತದೆ?

ಕ್ಯಾನ್ಸರ್ ಅಪಾಯದ ಲೆಕ್ಕವೇ ಬೇರೆ, ಅದು ಸಂಭವದ ಮಾತು. ಚರ್ಮದ ಪೆಟ್ಟು ಹಾಗಲ್ಲ. ಅದಕ್ಕೆ ಒಂದು ಗಡಿ ಇದೆ. ಗಡಿಯ ಒಳಗಿದ್ದರೆ ಏನೂ ಕಾಣುವುದಿಲ್ಲ, ದಾಟಿದರೆ ಡೋಸ್ ಏರಿದಷ್ಟೂ ಪೆಟ್ಟು ಜೋರು.

ಸುಮಾರು 2 ಗ್ರೇ ಆದರೆ ಕೆಲವು ಗಂಟೆಗಳಲ್ಲೇ ಚರ್ಮ ಸ್ವಲ್ಪ ಕೆಂಪಾಗಿ ಮಾಯವಾಗಬಹುದು. ನಮ್ಮ ಕಂದು ಚರ್ಮದಲ್ಲಿ, ಅದೂ ಬೆನ್ನಿನ ಮೇಲೆ, ಅದು ಕಣ್ಣಿಗೇ ಬೀಳುವುದಿಲ್ಲ. 3 ಗ್ರೇ ಆಸುಪಾಸಿನಲ್ಲಿ ಆ ಜಾಗದ ಕೂದಲು ಮೂರು ವಾರದ ಹೊತ್ತಿಗೆ ಉದುರಿ ಮತ್ತೆ ಬರುತ್ತದೆ. ಮೆದುಳಿನ ಕೇಸುಗಳಲ್ಲಿ ತಲೆಯ ಒಂದು ಕಡೆ ಚೌಕಾಕಾರವಾಗಿ ಬೋಳಾಗುವುದು ಇದಕ್ಕೇ. 7 ಗ್ರೇ ದಾಟಿದರೆ ಕೂದಲು ಮತ್ತೆ ಬಾರದೆಯೂ ಇರಬಹುದು. 6 ಗ್ರೇ ಮೇಲೆ ಹತ್ತು ದಿನದ ಸುಮಾರಿಗೆ ಚರ್ಮ ನಿಜವಾಗಿ ಕೆಂಪಾಗುತ್ತದೆ, ಉರಿ ಬರುತ್ತದೆ. 10 ದಾಟಿದರೆ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಆ ಜಾಗ ತೆಳುವಾಗಿ ಗುಳಿ ಬೀಳಬಹುದು. 15 ದಾಟಿತೋ, ಚರ್ಮ ಸುಲಿದು ಒಸರುವ ಗಾಯ, ಕೊನೆಗೆ ಪ್ಲಾಸ್ಟಿಕ್ ಸರ್ಜರಿಯವರೆಗೂ ಹೋಗಬಹುದು. ಈ ಗಡಿಗಳು ಎಲ್ಲರಿಗೂ ಒಂದೇ ಅಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ, ದಪ್ಪ ಇರುವವರಿಗೆ, ಹಿಂದೆ ಅದೇ ಜಾಗಕ್ಕೆ ಕಿರಣ ಬಿದ್ದವರಿಗೆ ಪೆಟ್ಟು ಬೇಗ ಆಗಬಹುದು. ಸಕ್ಕರೆ ಕಾಯಿಲೆಯವರು ನಮ್ಮಲ್ಲಿ ಎಷ್ಟು ಜನ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ.

ಇದರಲ್ಲಿ ನನಗೆ ನಿಜವಾಗಿ ಕಳವಳ ತರುವುದು ದಿನಗಳ ಅಂತರ. ಬಿಸಿನೀರು ಬಿದ್ದರೆ ಆಗಲೇ ಬೊಬ್ಬೆ ಏಳುತ್ತದೆ. ಎಕ್ಸ್-ರೇ ಪೆಟ್ಟು ಎರಡು ವಾರ, ಆರು ವಾರ, ಒಮ್ಮೊಮ್ಮೆ ತಿಂಗಳುಗಳ ನಂತರ ಕಾಣಿಸುತ್ತದೆ. ಅಷ್ಟು ಹೊತ್ತಿಗೆ ರೋಗಿ ಊರಿಗೆ ಬಂದು, ಅಂಗಡಿ ಬಾಗಿಲು ತೆರೆದು, ಟೊಮೆಟೊ ತೋಟಕ್ಕೆ ಹೋಗಿ ಬರುವಷ್ಟು ಚೇತರಿಸಿಕೊಂಡಿರುತ್ತಾನೆ. ಬೆನ್ನು ತುರಿಸುತ್ತದೆ. ಕೈಗೆ ಎಟುಕದ ಜಾಗ, ಕನ್ನಡಿಯಲ್ಲೂ ಕಾಣದ ಜಾಗ. ಹೆಂಡತಿ ನೋಡಿ "ಏನ್ರೀ ಇದು, ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಪ್ಪಾಗಿದೆ" ಅನ್ನುತ್ತಾಳೆ. ಮೆಡಿಕಲ್ ಶಾಪಿನವನು ಅಲರ್ಜಿ ಅಂತ ಒಂದು ಟ್ಯೂಬ್ ಕೊಡುತ್ತಾನೆ. ಸರ್ಪಸುತ್ತು ಅಂತ ಕೆಮ್ಮಣ್ಣು ಬಳಿಸಿಕೊಂಡು ಬರುವವರೂ ಇದ್ದಾರೆ. ಚರ್ಮದ ಡಾಕ್ಟರ್ ಹತ್ತಿರ ಹೋದರೂ, ಅವರಿಗೆ ರೋಗಿ "ಮೂರು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ರು" ಅಂತ ಹೇಳುವುದಿಲ್ಲ. ಹಾರ್ಟಿಗೂ ಬೆನ್ನಿನ ತುರಿಕೆಗೂ ಏನು ಸಂಬಂಧ ಅಂತ ಅವನಿಗೆ ಹೇಗೆ ಹೊಳೆಯಬೇಕು? ಡಾಕ್ಟರಿಗೂ ಅನುಮಾನ ಬರದಿದ್ದರೆ ಬಯಾಪ್ಸಿಗೆ ಚೂರು ಚರ್ಮ ತೆಗೆಯುತ್ತಾರೆ, ವಿಕಿರಣದಿಂದ ಸೊರಗಿದ ಚರ್ಮದಲ್ಲಿ ಆ ಚೂರು ಗಾಯವೇ ವಾಸಿಯಾಗದ ಹುಣ್ಣಾಗಿ ಕೂರಬಹುದು. ಫೈಲಿನಲ್ಲಿ "ಚರ್ಮದ ಡೋಸ್ ಜಾಸ್ತಿ, ಬೆನ್ನು ಗಮನಿಸಿ" ಅಂತ ಇದ್ದಿದ್ದರೆ ಇಡೀ ಕತೆ ಬೇರೆ ಆಗುತ್ತಿತ್ತು.

ಇದು ಹೊಸದಾಗಿ ಕಂಡುಹಿಡಿದ ಸಮಸ್ಯೆಯೂ ಅಲ್ಲ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಎಫ್‌ಡಿಎ 1994ರಲ್ಲೇ ಈ ಚರ್ಮದ ಗಾಯಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಮೂರು ದಶಕ ಆಯಿತು.

ಸ್ಕ್ರೀನಿನ ಮೇಲಿರುವ ಸಂಖ್ಯೆಗಳು

ಮೊದಲನೆಯದು ಫ್ಲೋರೋ ಟೈಮ್. ಫ್ಲೋರೋ ಅಂದರೆ ದಾರಿ ನೋಡಲು ಓಡಿಸುವ ಮಾಮೂಲಿ ಎಕ್ಸ್-ರೇ ವಿಡಿಯೋ, ಅದಕ್ಕಾಗಿ ಪೆಡಲ್ ಒತ್ತಿದ ಒಟ್ಟು ನಿಮಿಷ ಇದು. ಫೈಲಿನಲ್ಲಿ ಏನಾದರೂ ಬರೆದಿದ್ದರೆ ಇದನ್ನೇ ಬರೆದಿರುತ್ತಾರೆ. ಮುಳಬಾಗಿಲು ಕಡೆಯ ನಮ್ಮ ಚಿಕ್ಕಪ್ಪನ ಫೈಲಿನಲ್ಲೂ ಇದ್ದದ್ದು ಇದೊಂದೇ, ಸ್ಟೆಂಟಿನ ಅಳತೆಯ ಕೆಳಗೆ ಸಣ್ಣ ಅಕ್ಷರದಲ್ಲಿ. ಚರ್ಮದ ಮಟ್ಟಿಗೆ ಇದರಷ್ಟು ದುರ್ಬಲ ಅಳತೆ ಇನ್ನೊಂದಿಲ್ಲ. ಕಾರಣ, ದಾಖಲೆಗಾಗಿ ತೆಗೆಯುವ ಹೆಚ್ಚು ಸ್ಪಷ್ಟವಾದ ವಿಡಿಯೋಗಳು (ಸಿನೆ ಓಟಗಳು) ಇದರಲ್ಲಿ ಸೇರುವುದಿಲ್ಲ, ಅವುಗಳ ಒಂದೊಂದು ಫ್ರೇಮಿಗೂ ಮಾಮೂಲಿ ಫ್ಲೋರೋಗಿಂತ ಹತ್ತು ಪಟ್ಟು ಕಿರಣ ಬೇಕಾಗಬಹುದು. ಮೇಲಾಗಿ 45 ಕಿಲೋ ತೂಕದ ಅಜ್ಜಿಗೂ 100 ಕಿಲೋ ತೂಕದ ಹೋಟೆಲ್ ಮಾಲೀಕರಿಗೂ ಅದೇ 20 ನಿಮಿಷ ಅಂದರೆ ಡೋಸ್ ಒಂದೇ ಆಗುವುದಿಲ್ಲ. ದೇಹದ ದಪ್ಪ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚಾದರೆ, ಚಿತ್ರ ಮಸುಕಾಗದಿರಲು ಯಂತ್ರ ತಾನಾಗಿಯೇ ಕಿರಣವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ.

ಎರಡನೆಯದು ಡಿಎಪಿ, ಅಂದರೆ ಡೋಸನ್ನು ಕಿರಣದ ವಿಸ್ತೀರ್ಣದಿಂದ ಗುಣಿಸಿದ ಮೊತ್ತ. ಟ್ಯೂಬಿನ ಬಾಯಿಯಲ್ಲೇ ಒಂದು ತೆಳುವಾದ ಚೇಂಬರ್ ಕೂರಿಸಿ ಇದನ್ನು ಅಳೆಯುತ್ತಾರೆ. ಒಟ್ಟು ಎಷ್ಟು ಶಕ್ತಿ ಹೋಯಿತು ಅನ್ನುವುದಕ್ಕೆ ಇದು ಒಳ್ಳೆಯ ಅಳತೆ. ಚರ್ಮಕ್ಕೆ ಅಲ್ಲ. ನಮ್ಮ ಕಡೆಯ ಡ್ರಿಪ್ ಲೈನ್ ನೆನಪಿಸಿಕೊಳ್ಳಿ. ನೂರು ಲೀಟರ್ ನೀರನ್ನು ಇಡೀ ಸಾಲಿಗೆ ಹಂಚಿದರೂ ಟ್ಯಾಂಕಿನಿಂದ ಹೋದದ್ದು ನೂರೇ, ಒಂದೇ ಗಿಡದ ಬುಡಕ್ಕೆ ಬಿಟ್ಟರೂ ನೂರೇ. ಬುಡ ಕೊಳೆಯುವುದು ಎರಡನೆಯದರಲ್ಲಿ. 100 ಗ್ರೇ-ಚದರ ಸೆಂಟಿಮೀಟರ್ ಡಿಎಪಿ ಇದೆ ಅಂದುಕೊಳ್ಳಿ. ಚರ್ಮದ ಮೇಲೆ ಕಿರಣದ ಅಗಲ 10ಕ್ಕೆ 10 ಸೆಂಟಿಮೀಟರ್ ಇದ್ದರೆ ಚರ್ಮಕ್ಕೆ ಸುಮಾರು 1 ಗ್ರೇ. ಅದೇ 5ಕ್ಕೆ 4 ಆದರೆ 5 ಗ್ರೇ. ಸ್ಕ್ರೀನಿನ ಸಂಖ್ಯೆ ಎರಡಕ್ಕೂ ಒಂದೇ.

ಮೂರನೆಯದೇ ನಮಗೆ ಬೇಕಾದದ್ದು. ಏರ್ ಕೆರ್ಮಾ, ಮಿಲಿಗ್ರೇ ಲೆಕ್ಕದಲ್ಲಿ ಇರುತ್ತದೆ. ಯಂತ್ರದ ತೋಳು ಯಾವ ಬಿಂದುವಿನ ಸುತ್ತ ತಿರುಗುತ್ತದೋ ಆ ಬಿಂದುವಿನಿಂದ ಟ್ಯೂಬಿನ ಕಡೆಗೆ 15 ಸೆಂಟಿಮೀಟರ್ ದೂರದಲ್ಲಿ ಒಂದು ಜಾಗ ಗುರುತು ಮಾಡಿ, ಅಲ್ಲಿ ಗಾಳಿಯಲ್ಲಿ ಎಷ್ಟು ಡೋಸ್ ಆಗುತ್ತದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ಸಾಮಾನ್ಯ ಮೈಕಟ್ಟಿನವರ ಬೆನ್ನು ಹೆಚ್ಚುಕಡಿಮೆ ಆ ಜಾಗದಲ್ಲೇ ಬರುತ್ತದೆ ಅನ್ನೋದು ಇದರ ಹಿಂದಿನ ಯೋಚನೆ. ಅಮೆರಿಕದಲ್ಲಿ 2006ರ ಜೂನ್ ನಂತರ ತಯಾರಾದ ಫ್ಲೋರೋಸ್ಕೋಪಿ ಯಂತ್ರಗಳೆಲ್ಲ ಇದನ್ನು ತೋರಿಸಲೇಬೇಕು. ಅಂತರರಾಷ್ಟ್ರೀಯ ಮಾನದಂಡದಲ್ಲೂ ಕ್ಯಾತ್ ಲ್ಯಾಬ್ ಯಂತ್ರಗಳಿಗೆ ಇದು ಕಡ್ಡಾಯ. ದೊಡ್ಡ ಕಂಪನಿಗಳು ಎಲ್ಲ ದೇಶಕ್ಕೂ ಮಾರುವುದು ಅದೇ ಯಂತ್ರಗಳನ್ನೇ, ಹಾಗಾಗಿ ನಮ್ಮಲ್ಲಿನ ಹೊಸ ಲ್ಯಾಬುಗಳಲ್ಲೂ ಈ ಸಂಖ್ಯೆ ಇದ್ದೇ ಇರುತ್ತದೆ.

ಆದರೆ ಇದು ಚರ್ಮದ ಡೋಸ್ ಅಲ್ಲ, ಅದರ ಹತ್ತಿರದ ನೆಂಟ ಅಷ್ಟೇ. ಮೊದಲ ವ್ಯತ್ಯಾಸ ದೂರದ್ದು. ಆ ಜಾಗ ಟ್ಯೂಬಿನಿಂದ 60 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳೋಣ. ಟೇಬಲ್ ಮೇಲೆತ್ತಿ ಬೆನ್ನು 70 ಸೆಂಟಿಮೀಟರಿಗೆ ಹೋದರೆ ನಿಜವಾದ ಡೋಸ್ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ. ಟೇಬಲ್ ಇಳಿಸಿ 50ಕ್ಕೆ ಬಂದರೆ ನೂರಕ್ಕೆ 44ರಷ್ಟು ಜಾಸ್ತಿ. ಎರಡನೆಯದು, ಟೇಬಲ್ ಮತ್ತು ಅದರ ಮೇಲಿನ ಹಾಸು ಸ್ವಲ್ಪ ಕಿರಣವನ್ನು ತಡೆಯುತ್ತವೆ, ನಾಲ್ಕನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಮೂರನೆಯದು ಇದಕ್ಕೆ ಉಲ್ಟಾ: ದೇಹದ ಒಳಗೆ ಹೋದ ಕಿರಣದಲ್ಲಿ ಸ್ವಲ್ಪ ಚದುರಿ ಹಿಂದಕ್ಕೆ ಬರುತ್ತದೆ, ಅದು ಚರ್ಮಕ್ಕೆ ಇನ್ನೂ 30ರಿಂದ 40 ಪರ್ಸೆಂಟ್ ಸೇರಿಸುತ್ತದೆ. ತಡೆದದ್ದೂ ಹಿಂದಿರುಗಿದ್ದೂ ಹೆಚ್ಚುಕಡಿಮೆ ಸರಿಹೋಗುವುದರಿಂದ, ಒಂದೇ ಕೋನದಲ್ಲಿ ಮಾಡಿದ ಕೇಸಿನಲ್ಲಿ ಸ್ಕ್ರೀನಿನ ಸಂಖ್ಯೆ ಚರ್ಮದ ಡೋಸಿಗೆ ಸಾಕಷ್ಟು ಹತ್ತಿರ ಬರುತ್ತದೆ. ಅಡ್ಡ ಕೋನದಲ್ಲಿ ಕಿರಣ ಟೇಬಲ್ಲನ್ನೇ ಮುಟ್ಟದೆ ನೇರ ಪಕ್ಕೆಗೆ ಬಡಿದರೆ ಮಾತ್ರ ಈ ಹೊಂದಾಣಿಕೆ ತಪ್ಪುತ್ತದೆ. ಜೊತೆಗೆ ಸಂಖ್ಯೆಯಲ್ಲೇ 35 ಪರ್ಸೆಂಟ್ ಆಚೀಚೆ ಇರಲು ಮಾನದಂಡ ಒಪ್ಪುತ್ತದೆ. 3 ಗ್ರೇ ಅಂತ ತೋರಿಸಿದರೆ ನಿಜ ಎರಡೂ ಆಗಿರಬಹುದು, ನಾಲ್ಕೂ ಆಗಿರಬಹುದು.

ಇಷ್ಟೆಲ್ಲ ಅನುಮಾನ ಇದ್ದರೆ ಬರೆದು ಏನು ಪ್ರಯೋಜನ ಅಂತ ಕೆಲವರು ಕೇಳುತ್ತಾರೆ. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಬಿಪಿ ಯಂತ್ರವೂ ಐದು ಹತ್ತು ಆಚೀಚೆ ತೋರಿಸುತ್ತದೆ, ಯಾರೂ ಬರೆಯದೆ ಬಿಡುವುದಿಲ್ಲ. 800 ಮಿಲಿಗ್ರೇ ಇದ್ದವರನ್ನೂ 8000 ಇದ್ದವರನ್ನೂ ಬೇರೆ ಮಾಡಲು ಈ ಸಂಖ್ಯೆ ಧಾರಾಳವಾಗಿ ಸಾಕು.

ಕರಾರುವಾಕ್ಕಾಗಿ ಅಳೆಯಲೇಬೇಕು ಅಂದರೆ ಫಿಲ್ಮ್ ಇದೆ. ರೇಡಿಯೋಕ್ರೋಮಿಕ್ ಫಿಲ್ಮ್ ಅನ್ನುತ್ತಾರೆ. 14ಕ್ಕೆ 17 ಇಂಚಿನ ಹಾಳೆ. ರೋಗಿ ಮಲಗುವ ಮೊದಲು ಬೆನ್ನಿನ ಕೆಳಗೆ ಹಾಸಿದರೆ ಆಯಿತು, ತೊಳೆಯುವ ಕೆಲಸ ಇಲ್ಲ, ಆಂಜಿಯೋ ಚಿತ್ರದಲ್ಲೂ ಅಡ್ಡ ಬರುವುದಿಲ್ಲ. ಕಿರಣ ಬಿದ್ದಷ್ಟೂ ಅದು ಕಪ್ಪಾಗುತ್ತಾ ಹೋಗುತ್ತದೆ. ಕೇಸ್ ಮುಗಿದ ಮೇಲೆ ಅದನ್ನು ಎತ್ತಿ ಬೆಳಕಿಗೆ ಹಿಡಿದರೆ ಒಂದರ ಮೇಲೊಂದು ಬಿದ್ದ ಚೌಕಗಳು ಕಾಣುತ್ತವೆ. ಒಂದು ಚೌಕ ತಿಳಿಯಾಗಿ, ಪಕ್ಕದ್ದು ಸ್ವಲ್ಪ ವಾಲಿ, ಎರಡೂ ಸೇರುವ ಅಂಚಿನಲ್ಲಿ ಎರಡು ಬೆರಳು ಅಗಲದ ಒಂದು ಪಟ್ಟಿ ಮಾತ್ರ ಗಾಢ. ಆ ಪಟ್ಟಿಯೇ ರೋಗಿಯ ಬೆನ್ನಿನ ಎಲ್ಲಕ್ಕಿಂತ ಜಾಸ್ತಿ ಡೋಸ್ ಬಿದ್ದ ಜಾಗ. ಡಾಕ್ಟರ್ ಕೋನ ಬದಲಿಸಿದ್ದರೂ ಚೌಕಗಳು ಅಂಚಿನಲ್ಲಿ ಒಂದರ ಮೇಲೊಂದು ಬಿದ್ದರೆ ಅಲ್ಲಿ ಎರಡೂ ಕೂಡುತ್ತವೆ, ಇದನ್ನು ಯಾವ ಸಂಖ್ಯೆಯೂ ಹೇಳುವುದಿಲ್ಲ, ಫಿಲ್ಮ್ ಒಂದೇ ನೋಟಕ್ಕೆ ಹೇಳುತ್ತದೆ. ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿ ಬಣ್ಣದ ಗಾಢತೆಯಿಂದ ಗ್ರೇ ಲೆಕ್ಕ ತೆಗೆಯುತ್ತಾರೆ. ತೊಡಕು ಏನಂದರೆ ಫಲಿತಾಂಶ ಸಿಗುವುದು ಕೇಸ್ ಮುಗಿದ ಮೇಲೆ, ಪಕ್ಕೆಗೆ ಬಿದ್ದದ್ದು ಹಾಳೆಗೆ ಸಿಗುವುದಿಲ್ಲ, ಪ್ರತಿ ರೋಗಿಗೂ ಹಾಸುವುದು ದುಬಾರಿ. ಬಿದ್ದ ಡೋಸನ್ನು ಹಿಡಿದಿಟ್ಟುಕೊಳ್ಳುವ ಟಿಎಲ್‌ಡಿ ಅನ್ನುವ ಚಿಕ್ಕ ಬಿಲ್ಲೆಗಳನ್ನೂ ಅಂಟಿಸಬಹುದು, ಆದರೆ ಎಲ್ಲಿ ಜಾಸ್ತಿ ಬೀಳುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಅದು ಉಪಯೋಗ.

ಈಗ ಸಾಫ್ಟ್‌ವೇರುಗಳೂ ಬಂದಿವೆ. ಪ್ರತಿ ಸಲ ಪೆಡಲ್ ಒತ್ತಿದಾಗಲೂ ಕೋನ ಎಷ್ಟು, ಟೇಬಲ್ ಎಲ್ಲಿತ್ತು, ಕಿರಣದ ಅಗಲ ಎಷ್ಟು, ಡೋಸ್ ಎಷ್ಟು ಅಂತ ಯಂತ್ರ ದಾಖಲಿಸಿಕೊಳ್ಳುತ್ತದೆ. ಅದನ್ನು ಓದಿ ಮನುಷ್ಯಾಕೃತಿಯ ಬೆನ್ನಿನ ಮೇಲೆ ಬಣ್ಣದ ನಕ್ಷೆ ಬರೆಯುತ್ತವೆ. ಕೆಲವು ಯಂತ್ರಗಳಲ್ಲಿ ಕೇಸ್ ನಡೆಯುತ್ತಿರುವಾಗಲೇ ಈ ನಕ್ಷೆ ಕಾಣುತ್ತದೆ, ಡಾಕ್ಟರ್ ನೋಡಿ ಕೋನ ಬದಲಿಸಬಹುದು. ಜಿಲ್ಲೆಗಳ ಲ್ಯಾಬಿಗೆ ಅದು ಬರುವ ದಿನ ಬರಲಿ, ಅಲ್ಲಿಯವರೆಗೆ ಏರ್ ಕೆರ್ಮಾ ಬರೆದಿಡಲು ಪೆನ್ನು ಸಾಕು.

ಕೋಲಾರಕ್ಕೆ ಯಾಕೆ ಜಾಸ್ತಿ ಬೇಕು?

ನಮ್ಮ ಜಿಲ್ಲೆಯ ರೋಗಿ ಒಂದೇ ಆಸ್ಪತ್ರೆಯ ರೋಗಿಯಲ್ಲ. ಶ್ರೀನಿವಾಸಪುರದಲ್ಲಿ ಎದೆನೋವು ಬಂದವರು ಕೋಲಾರಕ್ಕೆ ಬರುತ್ತಾರೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತಾರೆ. ಕೆಜಿಎಫ್ ಕಡೆಯವರು ಕುಪ್ಪಂಗೆ, ವೆಲ್ಲೂರಿಗೆ. ಮುಳಬಾಗಿಲಿನವರಿಗೆ ತಿರುಪತಿಯೂ ದೂರವಲ್ಲ. ಮೂರು ರಾಜ್ಯ, ಮೂರು ಕಾರ್ಡು, ಮೂರು ಫೈಲು. ಆಂಜಿಯೋಗ್ರಾಂ ಒಂದು ಕಡೆ, ಸ್ಟೆಂಟ್ ಇನ್ನೊಂದು ಕಡೆ, ಎರಡು ವರ್ಷದ ಮೇಲೆ ಮತ್ತೆ ಬ್ಲಾಕ್ ಅಂತ ಮೂರನೇ ಕಡೆ. ಕೆಲವರಿಗೆ ಇದೆಲ್ಲ ಒಂದೇ ತಿಂಗಳೊಳಗೆ ಆಗಿಹೋಗುತ್ತದೆ. ಇಎಸ್‌ಐ, ಆಯುಷ್ಮಾನ್ ಕಾರ್ಡು, ಮಗಳು ಬೆಂಗಳೂರಿನಲ್ಲಿದ್ದಾಳೆ, ಭಾವಮೈದ ವೆಲ್ಲೂರಿನಲ್ಲಿ ಒಬ್ಬರನ್ನು ಬಲ್ಲ, ಹೀಗೆ ಯಾವ ಆಸ್ಪತ್ರೆ ಅನ್ನೋದು ನೂರು ಕಾರಣಕ್ಕೆ ಬದಲಾಗುತ್ತದೆ.

ಹೃದಯ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ನೋಡುವ ಕೋನಗಳೂ ಎಲ್ಲ ಕಡೆ ಹೆಚ್ಚುಕಡಿಮೆ ಅವೇ. ಅಂದರೆ ಮೂರು ಆಸ್ಪತ್ರೆಯ ಕಿರಣವೂ ಬೆನ್ನಿನ ಅದೇ ಚೌಕಕ್ಕೆ ಬೀಳುತ್ತದೆ. ನಡುವೆ ತಿಂಗಳುಗಳ ಅಂತರ ಇದ್ದರೆ ಚರ್ಮ ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ, ವಾರಗಳ ಅಂತರವಾದರೆ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಎರಡನೇ ಡಾಕ್ಟರಿಗೆ ಮೊದಲನೆಯವರ ಸಂಖ್ಯೆ ಗೊತ್ತಿದ್ದರೆ ಅವರು ತುರ್ತು ಇಲ್ಲದ ಕೇಸನ್ನು ಸ್ವಲ್ಪ ಮುಂದಕ್ಕೆ ಹಾಕಬಹುದು, ಬೇರೆ ಕೋನ ಹಿಡಿಯಬಹುದು, ಮೊದಲು ಬೆನ್ನು ತಿರುಗಿಸಿ ನೋಡಬಹುದು. ಒಂದೇ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಮಾಡಿಸಿಕೊಳ್ಳುವವರಿಗೆ ಕಂಪ್ಯೂಟರಿನಲ್ಲಿ ಹಳೆಯದು ಸಿಗುತ್ತದೆ. ನಮ್ಮವರಿಗೆ ಕೈಯಲ್ಲಿರುವ ಪ್ಲಾಸ್ಟಿಕ್ ಕವರಿನ ಕಾಗದವೇ ಗತಿ.

ಅದರಲ್ಲೂ ಪ್ರತಿ ಕಂಪನಿಯ ಯಂತ್ರ ಡಿಎಪಿಯನ್ನು ಬೇರೆ ಬೇರೆ ಮಾನದಲ್ಲಿ ತೋರಿಸುತ್ತದೆ. ಒಂದರಲ್ಲಿ 50 ಗ್ರೇ-ಚದರ ಸೆಂಟಿಮೀಟರ್ ಅಂತ ಇದ್ದದ್ದು ಇನ್ನೊಂದರಲ್ಲಿ 5000 ಮೈಕ್ರೋಗ್ರೇ-ಚದರ ಮೀಟರ್, ಮತ್ತೊಂದರಲ್ಲಿ 50,000 ಮಿಲಿಗ್ರೇ-ಚದರ ಸೆಂಟಿಮೀಟರ್. ಮೂರೂ ಒಂದೇ. ಮಾನ ಬರೆಯದೆ ಬರೀ "5000" ಅಂತ ಗೀಚಿದರೆ ಮುಂದಿನ ಡಾಕ್ಟರಿಗೆ ಅದು ಏನೂ ಹೇಳುವುದಿಲ್ಲ.

ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿಂದ ಈಗ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಬಂದಿದೆ. ಬಹಳ ಒಳ್ಳೆಯ ಕೆಲಸ. ಇದರಿಂದ ಹಳ್ಳಿಯ ಜನ ಇನ್ನೂ ಹೆಚ್ಚಾಗಿ ಕ್ಯಾತ್ ಲ್ಯಾಬ್ ತಲುಪುತ್ತಾರೆ, ತಲುಪಬೇಕು. ಆದ್ದರಿಂದಲೇ ಅವರ ಜೊತೆ ಹೋಗುವ ಕಾಗದವೂ ಸರಿಯಾಗಿರಬೇಕು ಅನ್ನುವುದು.

ನಿಯಮದ ಮಾತು

ನಮ್ಮ ದೇಶದಲ್ಲಿ ವಿಕಿರಣ ಸುರಕ್ಷತೆ ನೋಡುವುದು ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, 1983ರಲ್ಲಿ ಶುರುವಾದ ಸಂಸ್ಥೆ. ಕ್ಯಾತ್ ಲ್ಯಾಬ್ ನಡೆಸಲು ಅದರ ಲೈಸೆನ್ಸ್ ಬೇಕು. ಒಳಗೆ ಕೆಲಸ ಮಾಡುವ ಡಾಕ್ಟರ್, ನರ್ಸ್, ಟೆಕ್ನಿಶಿಯನ್ ಲೆಡ್ ಏಪ್ರನ್ ಒಳಗೆ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಓದಿಸುತ್ತಾರೆ. ಅವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಇಡೀ ಮೈಗೆ ಆಗುವ ಅಪಾಯದ ಲೆಕ್ಕಕ್ಕೆ ಬಳಸುವ ಮಾನ), ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು ಅಂತ ಮಿತಿ. ಇದೆಲ್ಲ ಇರಲೇಬೇಕು, ಅವರು ದಿನಾ ಆ ಕೋಣೆಯಲ್ಲಿ ನಿಲ್ಲುವವರು.

ರೋಗಿಗೆ ಅಂಥ ಮಿತಿ ಇಲ್ಲ, ಪ್ರಪಂಚದಲ್ಲಿ ಎಲ್ಲೂ ಇಲ್ಲ. ಅದು ಸರಿಯೂ ಹೌದು. ಜೀವ ಉಳಿಸುವ ಕೆಲಸದ ಮಧ್ಯೆ "ಕೋಟಾ ಮುಗಿಯಿತು" ಅಂತ ನಿಲ್ಲಿಸಲು ಆಗುವುದಿಲ್ಲ. ಆದರೆ ಮಿತಿ ಇಲ್ಲದ ಕಡೆ ದಾಖಲೆ ಇನ್ನೂ ಬಿಗಿಯಾಗಿರಬೇಕು. ವಿಕಿರಣ ರಕ್ಷಣೆಗೆ ಸಲಹೆ ಕೊಡುವ ಅಮೆರಿಕದ ಎನ್‌ಸಿಆರ್‌ಪಿ ಸಂಸ್ಥೆ 2010ರ ತನ್ನ 168ನೇ ವರದಿಯಲ್ಲಿ ಒಂದು ಸರಳ ದಾರಿ ಹೇಳಿದೆ. ಏರ್ ಕೆರ್ಮಾ 3 ಗ್ರೇ ಮುಟ್ಟಿದಾಗ ಟೆಕ್ನಿಶಿಯನ್ ಡಾಕ್ಟರಿಗೆ ಕೂಗಿ ಹೇಳಬೇಕು. 5 ಗ್ರೇ ಅಥವಾ ಡಿಎಪಿ 500 ಗ್ರೇ-ಚದರ ಸೆಂಟಿಮೀಟರ್ ದಾಟಿದರೆ ಅದನ್ನು ಗಣನೀಯ ಡೋಸ್ ಅಂತ ಹಿಡಿದು ರೋಗಿಗೆ ತಿಳಿಸಬೇಕು, ಆಮೇಲೆ ಚರ್ಮ ನೋಡಬೇಕು. ಇದು ಕೇಸ್ ನಿಲ್ಲಿಸುವ ಗೆರೆಯಲ್ಲ, ಗಮನ ಕೊಡುವ ಗೆರೆ. ಯುರೋಪಿನ 2013ರ ನಿರ್ದೇಶನವಂತೂ ರೋಗಿಗೆ ಬಿದ್ದ ಡೋಸಿನ ಮಾಹಿತಿ ರಿಪೋರ್ಟಿನ ಭಾಗವೇ ಆಗಿರಬೇಕು ಅನ್ನುತ್ತದೆ.

ಆದೇಶ ಬಂದರೆ ಕಾಗದ ಬದಲಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ಅದರ ಜೊತೆಗೇ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಬ್ರಾಂಡ್, ತಯಾರಕರ ಹೆಸರು, ಬ್ಯಾಚ್ ನಂಬರನ್ನು ಬೇರೆಯಾಗಿ ತೋರಿಸಬೇಕು ಅಂತಲೂ ಆಯಿತು. ದುಡ್ಡಿನ ವಿಷಯಕ್ಕೆ ಅಷ್ಟು ಮಾಡಬಹುದಾದರೆ, ರಾಜ್ಯದ ಆರೋಗ್ಯ ಇಲಾಖೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕ್ಲೈಮಿನ ಜೊತೆ ಡೋಸ್ ರಿಪೋರ್ಟನ್ನೂ ಲಗತ್ತಿಸಿ ಅಂತ ಒಂದು ಸುತ್ತೋಲೆ ಹೊರಡಿಸಬಹುದು. ಕ್ಲೈಮಿಗೆ ಬೇಕು ಅಂದರೆ ಯಾವ ಆಸ್ಪತ್ರೆಯೂ ಮರೆಯುವುದಿಲ್ಲ.

ಕೇಳುವುದರಿಂದ ಇನ್ನೊಂದು ಲಾಭವೂ ಇದೆ. ತಾವು ಬರೆಯಬೇಕಾದ ಸಂಖ್ಯೆಯನ್ನು ಜನ ನೋಡುತ್ತಾರೆ, ನೋಡಿದ್ದನ್ನು ಇಳಿಸುತ್ತಾರೆ. ಇಳಿಸುವ ದಾರಿಗಳು ಹೊಸದಲ್ಲ, ಎಲ್ಲ ಕಾರ್ಡಿಯಾಲಜಿಸ್ಟರಿಗೂ ಗೊತ್ತು: ಟೇಬಲ್ ಆದಷ್ಟು ಮೇಲೆ, ಡಿಟೆಕ್ಟರ್ ಎದೆಗೆ ಆದಷ್ಟು ಹತ್ತಿರ, ಸೆಕೆಂಡಿಗೆ 15 ಫ್ರೇಮ್ ಬದಲು ಸಾಧ್ಯವಾದಾಗ ಏಳೂವರೆ, ಬೇಕಾದಷ್ಟೇ ಅಗಲ, ಸುಮ್ನೆ ಜೂಮ್ ಬೇಡ, ಒಂದೇ ಕೋನದಲ್ಲಿ ಕೂರಬೇಡಿ. ತಿಂಗಳ ಕೊನೆಗೆ ಲ್ಯಾಬಿನ ಎಲ್ಲ ಕೇಸುಗಳ ಏರ್ ಕೆರ್ಮಾವನ್ನು ಒಂದು ಹಾಳೆಯಲ್ಲಿ ಇಟ್ಟು ನೋಡಿದರೆ ಯಾವುದು ಯಾಕೆ ಏರಿತು ಅಂತ ಅಲ್ಲೇ ಮಾತಾಡಬಹುದು.

ಬರೆಯಬೇಕಾದ ಸಾಲು ಹೀಗಿರಲಿ: "ಒಟ್ಟು ಏರ್ ಕೆರ್ಮಾ 3,850 ಮಿಲಿಗ್ರೇ, ಡಿಎಪಿ 210 ಗ್ರೇ-ಚದರ ಸೆಂ.ಮೀ.; ಫ್ಲೋರೋ 38 ನಿಮಿಷ; ಕಿರಣ ಹೆಚ್ಚು ಬಿದ್ದ ಜಾಗ: ಬಲ ಹೆಗಲ ಮೂಳೆಯ ಕೆಳಗೆ." ಟೆಕ್ನಿಶಿಯನ್ ಕೇಸ್ ಮುಗಿಸುವಾಗ ಸ್ಕ್ರೀನ್ ನೋಡಿ ತುಂಬಿಸಬಹುದು, ಅರ್ಧ ನಿಮಿಷದ ಕೆಲಸ. 5 ಗ್ರೇ ದಾಟಿದ್ದರೆ ಅದರ ಕೆಳಗೆ ಕನ್ನಡದಲ್ಲಿ, ಮನೆಯವರಿಗೆ ಅರ್ಥವಾಗುವ ಹಾಗೆ, ಇನ್ನೊಂದು ಸಾಲು: ಎರಡು ವಾರದಿಂದ ಶುರುಮಾಡಿ ಮೂರು ತಿಂಗಳವರೆಗೆ ಆಗಾಗ ಬೆನ್ನು ನೋಡಿ, ಚೌಕವಾಗಿ ಕೆಂಪು ಅಥವಾ ಕಪ್ಪು ಕಂಡರೆ ಕೆರೆಯಬೇಡಿ, ಏನೂ ಹಚ್ಚಬೇಡಿ, ಈ ಕಾಗದ ತೆಗೆದುಕೊಂಡು ಬನ್ನಿ. ಹೇಗೂ ಮಾತ್ರೆ ಬದಲಿಸಲು ಒಂದು ತಿಂಗಳಿಗೆ ರೋಗಿ ಬಂದೇ ಬರುತ್ತಾನೆ. ಆಗ ಸ್ಟೆತಾಸ್ಕೋಪ್ ಇಡುವಾಗ ಅಂಗಿ ಪೂರ್ತಿ ಎತ್ತಿ ನೋಡಿದರೂ ಸಾಕು.

ಈಗಾಗಲೇ ಸ್ಟೆಂಟ್ ಆಗಿರುವವರು ಏನು ಮಾಡಬೇಕು ಅಂದರೆ, ಮಾಡಿಸಿದ ಕಡೆ ಹೋಗಿ ತೇದಿ ಮತ್ತು ಐಪಿ ನಂಬರ್ (ಅಡ್ಮಿಟ್ ಆದಾಗ ಕೊಟ್ಟ ಒಳರೋಗಿ ನಂಬರ್) ಕೊಟ್ಟು "ಡೋಸ್ ರಿಪೋರ್ಟ್ ಬೇಕು" ಅಂತ ಕೇಳಿ. ಜಗಳದ ದನಿಯಲ್ಲಿ ಬೇಡ, ಮುಂದಿನ ಡಾಕ್ಟರಿಗೆ ತೋರಿಸಬೇಕು ಅಂತ ಹೇಳಿದರೆ ಸಾಕು. ಕ್ಯಾತ್ ಲ್ಯಾಬ್ ಕಂಪ್ಯೂಟರಿನಲ್ಲಿ ಅದು ಒಂದು ಪುಟವಾಗಿ ಉಳಿದಿರುವ ಸಾಧ್ಯತೆ ಜಾಸ್ತಿ. ನಿಮಗೆ ಕೊಟ್ಟ ಆಂಜಿಯೋ ಸಿಡಿಯಲ್ಲೇ ಕೆಲವು ಸಲ ಚಿತ್ರಗಳ ಕೊನೆಯಲ್ಲಿ ಆ ಪುಟ ಇರುತ್ತದೆ, ಬಿಸಾಡದೆ ಫೈಲಿನಲ್ಲಿಡಿ. ಮುಂದೆ ಯಾವ ಊರಿನ ಯಾವ ಕ್ಯಾತ್ ಲ್ಯಾಬಿಗೆ ಹೋದರೂ, ಟೇಬಲ್ ಮೇಲೆ ಮಲಗುವ ಮೊದಲೇ, ಹಿಂದೆ ಎಲ್ಲೆಲ್ಲಿ ಯಾವಾಗ ಮಾಡಿಸಿದ್ದೀರಿ ಅಂತ ಡಾಕ್ಟರಿಗೆ ಹೇಳಿ ಆ ಕಾಗದ ಕೊಡಿ.